ಎಳ್ಳಮಾಸಿಯ ಪಚಡಿ

ಇದು ಖರೇ ಕಥೆ. ನಂಬಿಕೆ ಬರದಿದ್ದರೆ ಉಣಕಲ್ಲಿಗೆ ಹೋಗಿ ರುಕ್ಮವ್ವನ ಕೈಯ ಪಚಡಿ ತಿಂದು ನೋಡಿ ಎನ್ನಬಹುದಿತ್ತು. ಈಗ ಹಾಗೆ ಹೇಳುವಂತಿಲ್ಲ. ಕಥೆ ಇರುವುದೇ ಅಲ್ಲಿ.

ರುಕ್ಮವ್ವನ ನಾಲಿಗೆ ಸತ್ತು ವರ್ಷವಾಗುತ್ತ ಬಂದಿತ್ತು. ಮಾತಾಡುವ ನಾಲಿಗೆಯಲ್ಲ, ಅದು ಗಟ್ಟಿಮುಟ್ಟಾಗಿಯೇ ಇತ್ತು. ರುಚಿ ನೋಡುವ ನಾಲಿಗೆ. ಹಿಂದಿನ ಚಳಿಗಾಲದಲ್ಲಿ ಬಂದ ಜ್ವರ ಹೋಗುವಾಗ ಮೂಗಿನ ವಾಸನೆಯನ್ನೂ ಬಾಯಿಯ ರುಚಿಯನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ದುರ್ಗದಬೈಲಿನ ಪೇಟೆಯಲ್ಲಿ ಸೀರೆ ನೋಡುವ ನೆಪ ಹೇಳಿ ಒಬ್ಬಳೇ ಡಾಕ್ಟರ ಬಳಿ ಹೋಗಿದ್ದಳು. "ಇಷ್ಟ ದಿನಾ ಆದಮ್ಯಾಗ ತಿರುಗಿ ಬರೂದು ಕಷ್ಟರೀ, ಅವ್ವಾರ" ಎಂದಿದ್ದ ಆತ. ಬರುವಾಗ ಮಿರ್ಚಿ ಕೊಂಡು ಬಸ್ಸಿನಲ್ಲೇ ಕಚ್ಚಿದಳು. ಬಾಯಿ ಉರಿಯಿತು. ಉರಿ ಇತ್ತು, ಮಿರ್ಚಿ ಇರಲಿಲ್ಲ.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಸೊಸೆ ವಿದ್ಯಾ ಜಗಳವಾಡುವವಳಲ್ಲ. "ನೀವು ಸುಮ್ಮ ಕೂಡ್ರಿ ಅತ್ತಿ, ನಾ ಮಾಡ್ತೇನಿ" ಎನ್ನುವವಳು. ಆ ಒಳ್ಳೆಯತನಕ್ಕೇ ರುಕ್ಮವ್ವ ಹೆದರಿದ್ದಳು. ಈ ಮನೆಯಲ್ಲಿ ಅವಳದು ಎಂದು ಇದ್ದದ್ದು ಕೈರುಚಿ ಒಂದೇ. ಅದೂ ಹೋದರೆ ಒಲೆಯ ಮುಂದೆ ನಿಲ್ಲುವ ಹೆಂಗಸು ಯಾರು? ಹಾಗಾಗಿ ವರ್ಷವಿಡೀ ಕಣ್ಣಳತೆ, ಕೈಯಳತೆಯ ಮೇಲೆ ಅಡುಗೆ ಸಾಗಿಸಿದಳು. ತಾನು ಮಾತ್ರ ಹೊತ್ತುಹೊತ್ತಿಗೆ ಕಾಗದ ಅಗಿದಂತೆ ಉಂಡಳು.

ಹೊಲಕ್ಕೆ ಹೋಗಿ ಉಣ್ಣುವ ಎಳ್ಳಮಾಸಿ ಹಬ್ಬದ ಮುನ್ನಾದಿನ ಸಂಜೆ ಪಚಡಿಗೆಂದು ಹಕ್ಕರಕಿ, ಮೆಂತ್ಯೆ, ಉಳ್ಳಾಗಡ್ಡಿ ತಪ್ಪಲು ತೊಳೆದು, ನೀರು ಬಸಿದು, ಬಟ್ಟೆಯಲ್ಲಿ ಸುತ್ತಿಟ್ಟಳು. ಲಿಂಬೆಯ ರಸ, ಉಪ್ಪು, ಬಿಡಿಸಿದ ಕಿತ್ತಳೆ ತೊಳೆ ಬೇರೆ ಡಬ್ಬಿಗೆ. ಈಗಲೇ ಕಲಸಿದರೆ ಸೊಪ್ಪು ನೀರು ಬಿಟ್ಟು ಬೆಳಗಾಗುವಷ್ಟರಲ್ಲಿ ಸೊರಗುತ್ತದೆ, ಹೊಲದಲ್ಲೇ ಕಲಸಬೇಕು. ಯಾರೂ ನೋಡದಾಗ ಹಿಂಡಿದ ಲಿಂಬೆ ಹೋಳನ್ನು ಮೂಗಿಗೆ ಒತ್ತಿಕೊಂಡಳು. ತಣ್ಣಗಿತ್ತು, ಅಷ್ಟೇ.

"ಅತ್ತಿ, ಹುಳಿ-ಉಪ್ಪು ಒಮ್ಮಿ ನೋಡ್ರಿ" ಎಂದಳು ವಿದ್ಯಾ.

"ಚರಗಾ ಚೆಲ್ಲೂಕಿಂತ ಮೊದಲ ಎಂಜಲಾ ಮಾಡಬೇಕೇನ? ಭೂಮಿತಾಯಿ ಉಣ್ಣೂದದು!"

"ಎಂಜಲಾ ಮಾಡಬೇಕೇನ?" ಅದೇ ದನಿ ಬಾಗಿಲಿನಿಂದಲೂ ಬಂತು. ರುಕ್ಮವ್ವನ ಮೈದುನ ಕಲ್ಲೇಶ ಸೊಂಟದ ಮೇಲೆ ಕೈಯಿಟ್ಟು ಥೇಟ್ ಅತ್ತಿಗೆಯಾಗಿ ನಿಂತಿದ್ದ. ಊರಲ್ಲಿ ಅವನು ದನಿ ಕದಿಯದ ಮನುಷ್ಯರಿಲ್ಲ.

"ನಿನ್ನ ಬಾಯಾಗ ಮಣ್ಣ ಹಾಕ!" ಎಂದು ರುಕ್ಮವ್ವ ನಕ್ಕಳು.

ಮರುದಿನ ಹೆಬ್ಬಳ್ಳಿಯ ಹೊಲದಲ್ಲಿ ರುಕ್ಮವ್ವ ಪಚಡಿ ಕಲಸಿದಳು. ಅಡುಗೆಯ ಮೊದಲ ಪಾಲನ್ನು ಪೈರಿನ ಮೇಲೆ ಚರಗವೆಂದು ಚೆಲ್ಲಿ ಎಲ್ಲರೂ ಸಾಲಾಗಿ ಕುಳಿತರು. ಬಡಿಸುವ ಕೆಲಸ ಕಲ್ಲೇಶ ವಹಿಸಿಕೊಂಡ. ಅತ್ತಿಗೆಯ ಪಾಲಿಗೆ ಮಾತ್ರ, ಕಿಸೆಯ ಸೀಸೆಯಿಂದ ಹಾಗಲಕಾಯಿ ರಸ ಸುರಿದು, ಉಳಿದವರಿಗೆ ಕಣ್ಣು ಹೊಡೆದ. ರೊಟ್ಟಿ ಮುರಿಯುತ್ತಿದ್ದ ರುಕ್ಮವ್ವ ನೋಡಲಿಲ್ಲ.

"ನಮ್ಮಾಕಿ ಪಚಡಿ ಅಂದ್ರ ಪಚಡಿ!" ಎಂದ ಗಂಡ ಹೊಳೆಯಪ್ಪ, ನಗು ಅದುಮಿಕೊಂಡು.

ಅವಳು ಒಂದು ತುತ್ತು ತಿಂದಳು. ಇನ್ನೊಂದು. ಎಲ್ಲರೂ ಅವಳ ಮುಖ ಕಿವಿಚಿಕೊಳ್ಳುವುದನ್ನೇ ಕಾಯುತ್ತಿದ್ದರು.

"ಹ್ಯಾಂಗೈತ್ರಿ ವೈನಿ?" ಎಂದ ಕಲ್ಲೇಶ.

"ಲಿಂಬಿ ಛಲೋ ಹಿಡದೈತಿ ನೋಡು. ಹುಳಿ ಹದಾ ಆಗೇತಿ."

ಯಾರೂ ನಗಲಿಲ್ಲ. ವಿದ್ಯಾ ಕೈಚಾಚಿ ಅತ್ತೆಯ ತಾಟಿನಿಂದ ಚಿಟಿಕೆ ಬಾಯಿಗೆ ಹಾಕಿಕೊಂಡು, ಪಕ್ಕಕ್ಕೆ ತಿರುಗಿ ಉಗುಳಿದಳು. "ಹಾಗಲಕಾಯ್ರಿ ಅತ್ತಿ... ಕಹಿ ಹತ್ತಲಿಲ್ಲೇನ್ರಿ ನಿಮಗ?"

ಕಲ್ಲೇಶನ ಬಾಯಲ್ಲಿ ಈಗ ಅವನದೇ ದನಿಯೂ ಇರಲಿಲ್ಲ. ಹೊಳೆಯಪ್ಪ ಹೆಂಡತಿಯನ್ನು ಹೊಸಬಳನ್ನು ನೋಡಿದಂತೆ ನೋಡಿದ. ವಿದ್ಯಾ ಬಹಳ ಮೆಲ್ಲಗೆ ಪಚಡಿಯ ಬೋಗುಣಿಯನ್ನು ತನ್ನ ಕಡೆಗೆ ಎಳೆದುಕೊಂಡು ಉಪ್ಪು ನೋಡಿದಳು. ಇನ್ನಷ್ಟು ಲಿಂಬೆ ಹಿಂಡಿದಳು.

ರುಕ್ಮವ್ವ ಆ ಕೈಗಳನ್ನೇ ನೋಡಿದಳು. ಮುಗಿಯಿತು ಎಂದು ಅವಳಿಗೆ ತಿಳಿಯಿತು.

ಆಗ ನಕ್ಕಳು. "ಹಾಗಲಕಾಯಂತ! ಅಯ್ಯ, ಹಾಗಲಕಾಯಿ!" ತೊಡೆ ತಟ್ಟಿಕೊಂಡು, ಆಚೆ ಹೊಲದವರು ತಿರುಗಿ ನೋಡುವಷ್ಟು ಜೋರಾಗಿ. ಕಲ್ಲೇಶ ಅಂಜುತ್ತ ನಕ್ಕ, ಹೊಳೆಯಪ್ಪನೂ ನಕ್ಕ. ಅವರ ನಗು ಬೇಗ ಆರಿತು. ಅವಳು ಮಾತ್ರ ನಗುತ್ತಲೇ ಇದ್ದಳು. ನಿಲ್ಲಿಸಿದರೆ ಯಾರಾದರೂ ಏನಾದರೂ ಕೇಳುತ್ತಾರೆ.