ಹೊಲಿದವರು ಮೊದಲು ಹತ್ತಬೇಕು

ಬಲೂನು ಹಾರಿಸುವ ದಿನ ಬಂದರೆ ನನ್ನ ಅತ್ತೆಗೆ ಎಲ್ಲಿಲ್ಲದ ಹುರುಪು. ಚಳಿಗೆ ಕಾಲು ಹಿಡಿಯುತ್ತದೆ ಎಂದು ತಿಂಗಳಿಡೀ ಗೊಣಗುವವರು ಅವತ್ತು ಬೆಳಕು ಹರಿಯುವ ಮೊದಲೇ ಸ್ವೆಟರು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ನನಗೆ ಸೊಂಟ ನನ್ನದೇ ಹೌದೋ ಅಲ್ಲವೋ ಅನ್ನಿಸುತ್ತಿತ್ತು. ಹಿಂದಿನ ಸಂಜೆಯಷ್ಟೇ ಕೊನೆಯ ಹೊಲಿಗೆ ಮುಗಿದಿತ್ತು. ಎರಡು ತಿಂಗಳು ಮಷೀನಿನ ಮುಂದೆ ಕೂತು ಕೂತು ಮೈಯೆಲ್ಲ ಹಣ್ಣಾಗಿತ್ತು. ಮಗಳನ್ನು ಎಬ್ಬಿಸಿ, ಎಲ್ಲರಿಗೂ ಟೀ ಮಾಡಿ, ಬ್ರೆಡ್ಡು ಕಟ್ಟಿಕೊಂಡು, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮತ್ತೊಮ್ಮೆ ಒಳಗೆ ಹೋಗಿ ನೋಡಿ ಬಂದೆ.

“ನನ್ನ ಮಗನ ಕೈ ಅಂದ್ರೆ ಕೈ,” ಎಂದು ಅತ್ತೆ ವ್ಯಾನು ಹತ್ತುತ್ತಾ ಡ್ರೈವರನಿಗೆ ಹೇಳಿದರು. “ಅವನು ಹಾಕಿದ ಹೊಲಿಗೆ ಬಿಚ್ಚೋಕೆ ಅವನಿಂದಲೂ ಆಗಲ್ಲ.”

ಇವರು ಕಿಟಕಿಯ ಕಡೆ ಮುಖ ಮಾಡಿ ಕೂತರು. ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದರು.

ನನ್ನ ಗಂಡ ಬಲೂನು ಹೊಲಿಯುವವರು. ಮಕ್ಕಳು ಊದುವ ಬಲೂನಲ್ಲ. ಕೆಳಗೆ ಬುಟ್ಟಿಯಲ್ಲಿ ಜನರನ್ನು ನಿಲ್ಲಿಸಿಕೊಂಡು, ಬೆಂಕಿಯ ಬಿಸಿಗಾಳಿ ತುಂಬಿಕೊಂಡು ಆಕಾಶಕ್ಕೆ ಏರುವ ಬಲೂನು. ಬರ್ನರಿನ ಬೆಂಕಿ ತಾಗಿ ಅದರ ಬಾಯಿಯ ಸುತ್ತ ಬಟ್ಟೆ ಸುಡುತ್ತದೆ, ಇಳಿಯುವಾಗ ಬೇಲಿಗೆ ಸಿಕ್ಕಿ ಹರಿಯುತ್ತದೆ. ಆಗ ಹಳೆಯ ಪಟ್ಟಿ ಬಿಚ್ಚಿ ಹೊಸದು ಕೂರಿಸಬೇಕು. ಎರಡು ಅಂಚುಗಳನ್ನು ಒಂದರೊಳಗೊಂದು ಮಡಚಿ, ಜೋಡಿ ಸೂಜಿಯಲ್ಲಿ ಹೊಲಿಯಬೇಕು. ಬಟ್ಟೆಯೇನು ಅಷ್ಟಿಷ್ಟಲ್ಲ. ಒಬ್ಬರು ಹೊಲಿಯುತ್ತಿದ್ದರೆ ಇನ್ನೊಬ್ಬರು ಹಿಂದೆ ನಿಂತು ಎಳೆದುಕೊಳ್ಳುತ್ತಿರಬೇಕು. ಇವರು ಮಾಸ್ಟರ್, ನಾನು ಬಟ್ಟೆ ಎಳೆಯುವವಳು. ಲೋಕ ಹಾಗೆಂದು ತಿಳಿದಿತ್ತು.

ಕಳೆದ ವರ್ಷ ಇವರ ಬಲಗೈ ನಡುಗಲು ಶುರುವಾಯಿತು. ಮೊದಲು ಟೀ ಲೋಟ ಹಿಡಿದಾಗ ಮಾತ್ರ ಕಾಣುತ್ತಿತ್ತು. ಆಮೇಲೆ ಹೊಲಿಗೆಯಲ್ಲಿ ಕಂಡಿತು. ನೆಟ್ಟಗೆ ಬರಬೇಕಾದ ಗೆರೆ ಅಂಕುಡೊಂಕಾಗಿ ಬಂತು. ಆ ದಿನ ನಾನು ಹೊಲಿಗೆ ಶೆಡ್ಡಿನ ಬಾಗಿಲು ಹಾಕಿ, “ಏಳಿ” ಅಂದೆ. ಎದ್ದರು. ನಾನು ಕೂತೆ, ಅವರು ಹಿಂದೆ ಹೋಗಿ ಬಟ್ಟೆ ಎಳೆದರು. ಆ ಬಗ್ಗೆ ನಾವು ಅಂದೂ ಮಾತಾಡಲಿಲ್ಲ, ಆಮೇಲೂ ಮಾತಾಡಲಿಲ್ಲ. ಹೊರಗೆ ಜಲ್ಲಿಯ ಮೇಲೆ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ನಾನು ಎದ್ದು ಹಿಂದೆ ಹೋಗುವುದು, ಅವರು ಬಂದು ಮಷೀನಿಗೆ ಕೂರುವುದು. ಇದೆಷ್ಟು ರೂಢಿಯಾಯಿತೆಂದರೆ, ಒಮ್ಮೆ ಒಂದು ಬೆಕ್ಕು ಡಬ್ಬ ಬೀಳಿಸಿದ ಸದ್ದಿಗೂ ಜಾಗ ಬದಲಾಯಿಸಿದ್ದೆವು. ಬೆಕ್ಕು ನಮ್ಮಿಬ್ಬರನ್ನೂ ಒಮ್ಮೆ ನೋಡಿ ತನ್ನ ಪಾಡಿಗೆ ಹೊರಟುಹೋಯಿತು. ನನಗೆ ನಗು ಬಂತು. ಇವರಿಗೆ ಬರಲಿಲ್ಲ.

ವಿಷಯ ಹೊರಗೆ ಬಿದ್ದರೆ ಇವರ ಕೆಲಸ ಹೋಗುತ್ತದೆ. ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಮಾಸ್ಟರ್ ಅನ್ನುವ ಹೆಸರು ಹೋದರೆ ಈ ಮನುಷ್ಯನೇ ಕೈಗೆ ಸಿಗುವುದಿಲ್ಲ ಎಂಬುದು ನನ್ನ ಹೆದರಿಕೆಯಾಗಿತ್ತು. ಅದಕ್ಕೇ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಹಾಗೆಂದು ನನಗೆ ಸಿಟ್ಟಿರಲಿಲ್ಲ ಎಂದಲ್ಲ. ಅತ್ತೆ ಮಗನ ಕೈಯನ್ನು ಹೊಗಳಿದಾಗಲೆಲ್ಲ ಇವರು ಒಂದೇ ಒಂದು ಸಲ ನನ್ನ ಕಡೆ ನೋಡಿದ್ದರೂ ಹೊಟ್ಟೆ ತಣ್ಣಗಾಗುತ್ತಿತ್ತು. ನೋಡುತ್ತಿರಲಿಲ್ಲ.

ಬಲೂನಿನ ಮಾಲೀಕರೂ ಹಾರಿಸುವವರೂ ಒಬ್ಬರೇ. ಎಲ್ಲರೂ ಅವರನ್ನು ಕ್ಯಾಪ್ಟನ್ ಅನ್ನುತ್ತಾರೆ. ಅವರ ತಂದೆಯ ಕಾಲದಿಂದ ಶೆಡ್ಡಿನಲ್ಲಿ ಒಂದು ನಿಯಮವಿದೆ. ದೊಡ್ಡ ರಿಪೇರಿಯಾದ ಬಲೂನನ್ನು ಹೊಲಿದವರೇ ಮೊದಲು ಹತ್ತಬೇಕು, ಅದೂ ಒಬ್ಬರೇ ಅಲ್ಲ, ಮನೆಯವರನ್ನು ಕರೆದುಕೊಂಡು. ತನ್ನೊಬ್ಬನ ಜೀವವಾದರೆ ಮನುಷ್ಯ ಹೇಗೋ ಆಗುತ್ತದೆ ಎಂದು ಬಿಟ್ಟುಬಿಡುತ್ತಾನೆ, ಮನೆಯವರೆಂದರೆ ಹೊಲಿಗೆಯನ್ನು ಎರಡು ಸಲ ನೋಡುತ್ತಾನೆ ಎಂಬುದು ಅದರ ಹಿಂದಿನ ಯೋಚನೆ. ಇವರು ಅತ್ತೆಯನ್ನೂ ಮಗಳನ್ನೂ ಕರೆದುಕೊಂಡು ಹಾಗೆ ಹಲವು ಸಲ ಹಾರಿದ್ದರು. ಹಳೆಯ ಬುಟ್ಟಿಯಲ್ಲಿ ಕ್ಯಾಪ್ಟನ್ ಸೇರಿ ನಾಲ್ವರಿಗಷ್ಟೇ ಜಾಗ, ಹಾಗಾಗಿ ನಾನು ಯಾವತ್ತೂ ಹತ್ತಿರಲಿಲ್ಲ. ಈ ಒಂದು ವರ್ಷ ನಾನು ಹಾಕಿದ್ದೆಲ್ಲ ಸಣ್ಣಪುಟ್ಟ ತೇಪೆ. ಅದಕ್ಕೆ ನಿಯಮ ಬೇಕಿರಲಿಲ್ಲ. ಈ ಸಲ ದೊಡ್ಡ ಬಲೂನು. ಬಾಯಿಯ ಸುತ್ತಲಿನ ಬಟ್ಟೆ ಪೂರ್ತಿ ಹೊಸದು, ನೆತ್ತಿಯ ಹತ್ತಿರವೂ ಅಷ್ಟೇ. ಬುಟ್ಟಿಯೂ ದೊಡ್ಡದು. ಅಮ್ಮನೂ ಬರಲೇಬೇಕೆಂದು ಮಗಳು ಹಟ ಹಿಡಿದಿದ್ದಳು.

ಮೈದಾನದಲ್ಲಿ ಬಲೂನನ್ನು ಹುಲ್ಲಿನ ಮೇಲೆ ಉದ್ದಕ್ಕೆ ಹಾಸಿದ್ದರು. ಫ್ಯಾನು ಹಚ್ಚಿದಾಗ ಅದು ನಿದ್ದೆಯಲ್ಲಿ ಮಗ್ಗುಲು ಬದಲಿಸುವವರ ಹಾಗೆ ಅಲ್ಲಲ್ಲಿ ಉಬ್ಬಿ ಎದ್ದಿತು. ತಣ್ಣನೆಯ ಗಾಳಿ ಅರ್ಧ ತುಂಬಿದ ಮೇಲೆ ಮಾಸ್ಟರ್ ಒಳಗೆ ಹೋಗಿ ಹೊಲಿಗೆ ನೋಡಿ ಬರಬೇಕು. ಇವರು ಚಪ್ಪಲಿ ಬಿಚ್ಚಿ ಒಳಗೆ ಹೋದರು. ಹಿಂದೆಯೇ ನಾನೂ ಹೋದೆ. ಒಳಗೆಲ್ಲ ಕೆಂಪು ಹಳದಿ ಬೆಳಕು. ನಾವಿಬ್ಬರೂ ಯಾವುದೋ ಖಾಲಿ ಕಲ್ಯಾಣಮಂಟಪಕ್ಕೆ ತಪ್ಪಿ ಬಂದವರ ಹಾಗೆ ನಿಂತಿದ್ದೆವು.

ಇವರು ಹೊಲಿಗೆಯ ಮೇಲೆ ಎಡಗೈ ಆಡಿಸುತ್ತಾ ನಡೆದು ಒಂದು ಕಡೆ ನಿಂತರು.

“ಇಲ್ಲಿ ಮಡಿಕೆ ಸರಿಯಾಗಿ ಕೂತಿದೆಯಾ?”

“ಕೂತಿದೆ.”

“ಮತ್ತೊಂದು ಸಲ ನೋಡಿದ್ಯಾ?”

“ನೀವೇ ಹಿಂದೆ ನಿಂತು ಎಳೀತಿದ್ರಲ್ಲ. ನೀವು ನೋಡ್ಲಿಲ್ವಾ?”

“ನೋಡಿದೆ.” ಎಡಗೈ ಕೆಳಗಿಳಿಸಿ, “ನೋಡೋದು ಬೇರೆ,” ಅಂದರು. ಅಷ್ಟು ಹೇಳಿ ಹೊರಗೆ ನಡೆದರು. ಒಂದು ವರ್ಷದಲ್ಲಿ ಆ ಕೆಲಸದ ಬಗ್ಗೆ ನಾವು ಆಡಿದ ಮೊದಲ ಮಾತು ಅದು. ಅದು ಹೀಗೆ ಮುಗಿಯುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ.

ಬರ್ನರ್ ಭುಸುಗುಟ್ಟಿತು. ಬಲೂನು ನಿಧಾನವಾಗಿ ಎದ್ದು ನಿಂತಿತು, ಜೊತೆಗೆ ಬುಟ್ಟಿಯೂ ನೆಟ್ಟಗಾಯಿತು. ಕ್ಯಾಪ್ಟನ್ ಒಳಗಿದ್ದರು. ಡ್ರೈವರ್ ಬುಟ್ಟಿಯ ಅಂಚು ಹಿಡಿದುಕೊಂಡು ನಿಂತಿದ್ದ. ಮಗಳು ಒಂದೇ ನೆಗೆತಕ್ಕೆ ಹತ್ತಿದಳು. ಅತ್ತೆ ಮೊಣಕಾಲನ್ನು ಬೈಯುತ್ತಾ ಹತ್ತಿದರು. ಇವರು ಅಂಚಿನ ಮೇಲೆ ಕೈ ಇಟ್ಟವರು ಹಾಗೇ ನಿಂತರು.

“ಅಮ್ಮಾ, ಇಳಿ,” ಅಂದರು.

“ಈಗ ತಾನೇ ಹತ್ತಿದ್ದೀನಿ ಕಣೋ.”

“ಏನಾಯ್ತು ಮಾಸ್ಟರ್?” ಎಂದು ಕ್ಯಾಪ್ಟನ್ ಕೇಳಿದರು.

“ತಲೆ ಸುತ್ತುತ್ತಿದೆ. ಇವತ್ತು ಬೇಡ.”

“ನಿಮಗೆ ಆಗದಿದ್ರೆ ಕೂತ್ಕೊಳ್ಳಿ. ಮನೆಯವರು ಬರ್ಲಿ.”

“ಅವರೂ ಬೇಡ.” ಇವರು ಬುಟ್ಟಿಯೊಳಗೆ ಬಾಗಿ ಮಗಳನ್ನು ಕಂಕುಳಲ್ಲಿ ಹಿಡಿದು ಎತ್ತಿ ಕೆಳಗಿಳಿಸಿದರು. ಮತ್ತೆ ಹತ್ತಿಬಿಟ್ಟಾಳು ಎಂಬಂತೆ ಅವಳ ಮಣಿಕಟ್ಟು ಹಿಡಿದುಕೊಂಡರು. ಅತ್ತೆ ಏನೂ ಅರ್ಥವಾಗದೆ, ಹತ್ತಿದ್ದಕ್ಕಿಂತ ಹೆಚ್ಚು ಬೈಯುತ್ತಾ ಇಳಿದರು.

ನನಗೆ ಅರ್ಥವಾಯಿತು. ಮುಖಕ್ಕೆ ಹೊಡೆದ ಹಾಗಾಯಿತು. ವರ್ಷವಿಡೀ ನನ್ನ ಹಿಂದೆ ನಿಂತು ಬಟ್ಟೆ ಎಳೆದ ಮನುಷ್ಯನಿಗೆ ನನ್ನ ಹೊಲಿಗೆ ಹೊಟ್ಟೆಪಾಡಿಗೆ ಸಾಕು, ಮಗಳ ಜೀವಕ್ಕೆ ಸಾಲದು. ನನ್ನ ತೇಪೆಗಳ ಮೇಲೆ ಬೇರೆಯವರ ಮಕ್ಕಳು ಹಾರಿದಾಗ ಇವರಿಗೆ ತಲೆ ಸುತ್ತಿರಲಿಲ್ಲ. ಎರಡು ತಿಂಗಳ ಬೆನ್ನುನೋವು ಒಂದು ಕಡೆಯಾದರೆ ಇದೊಂದೇ ಒಂದು ಕಡೆ. ಅಳುವಷ್ಟು ತ್ರಾಣವೂ ನನಗಿರಲಿಲ್ಲ.

ಕ್ಯಾಪ್ಟನ್ ಇವರ ಕಡೆ ತಿರುಗಿದರು. “ಹೊಲಿದವರೂ ಅವರ ಮನೆಯವರೂ ಹತ್ತದ ಬಲೂನಿಗೆ ನಾನು ಬೇರೆ ಯಾರನ್ನೂ ಹತ್ತಿಸಲ್ಲ ಮಾಸ್ಟರ್. ನಿಮಗೆ ಗೊತ್ತಿದೆ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. “ಗಾಳಿ ಬಿಟ್ಟುಬಿಡೋಣ. ಅಷ್ಟನ್ನೂ ಬಿಚ್ಚಿಸಿ ಬೇರೆ ಕಡೆ ಹೊಲಿಸ್ತೀನಿ.”

ಇವರು ಬೇಡವೆನ್ನಲಿಲ್ಲ. ಕೆಲಸ ಅಲ್ಲಿಗೇ ಮುಗಿಯಿತೆಂದು ನನಗೂ ಗೊತ್ತು, ಅವರಿಗೂ ಗೊತ್ತು. ಡ್ರೈವರ್ ಗಾಳಿ ಬಿಡುವ ಹಗ್ಗದ ಕಡೆ ನೋಡಿದ.

“ಬಿಚ್ಚಿಸಬೇಡಿ,” ಅಂದೆ. “ಹೊಲಿದಿದ್ದು ನಾನು. ನಾನು ಹತ್ತುತ್ತೀನಿ.”

“ಏನೇ ಹಾಗಂದ್ರೆ?” ಎಂದು ಅತ್ತೆ ತಿರುಗಿದರು.

“ಹಾಗಂದ್ರೆ ಅಷ್ಟೇ ಅತ್ತೆ. ಒಂದು ವರ್ಷದಿಂದ ಮಷೀನಿಗೆ ಕೂರ್ತಿರೋದು ನಾನು. ಇವರ ಕೈ ನಡುಗುತ್ತೆ.”

ಇವರು ಮಗಳನ್ನು ಹಿಡಿದಿದ್ದು ಬಲಗೈಯಲ್ಲೇ. ಅದರ ಜೊತೆಗೆ ಅವಳ ಕೈಯೂ ಅಲುಗುತ್ತಿತ್ತು. ಅದನ್ನು ಎಲ್ಲರೂ ನೋಡಿದರು. ಅತ್ತೆ ಹೆಚ್ಚು ಹೊತ್ತು ನೋಡಿದರು. ಆಮೇಲೆ ಶಾಲನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು.

“ಹಾಗಾದ್ರೆ ಹತ್ತಿ,” ಎಂದು ಕ್ಯಾಪ್ಟನ್ ನನಗೆ ಹೇಳಿದರು. ಹತ್ತಿದೆ. ಬುಟ್ಟಿ ಕಾಲ ಕೆಳಗೆ ಕಿರುಗುಟ್ಟಿತು. “ಮನೆಯವರು?”

ನಾನು ಮಗಳ ಕಡೆ ನೋಡಿದೆ. ಬಾರೇ ಎನ್ನಲು ಬಾಯಿ ತೆರೆದೆ. ಕರೆಯುವ ಬದಲು ಕತ್ತೆತ್ತಿ ಹೊಲಿಗೆಯ ಕಡೆ ನೋಡಿದೆ. ಎರಡು ತಿಂಗಳಲ್ಲಿ ಹಾಕಿದ ಹೊಲಿಗೆಯಲ್ಲಿ ಒಂದೂ ಆ ಗಳಿಗೆಯಲ್ಲಿ ನೆನಪಿಗೆ ಬರಲಿಲ್ಲ. ನೆತ್ತಿಯ ಹತ್ತಿರ ದಾರ ಬದಲಾಯಿಸಿದ ಜಾಗದಲ್ಲಿ ಗಂಟು ಹಾಕಿದ್ದೆನೇ? ಒಂದು ಮಧ್ಯಾಹ್ನ ತೂಕಡಿಕೆ ಬಂದಿತ್ತಲ್ಲ, ಆಗ ಎಲ್ಲಿ ಹೊಲಿಯುತ್ತಿದ್ದೆ? ನಾನೊಬ್ಬಳೇ ಹತ್ತುವಾಗ ಕೋಪದಲ್ಲಿ ಹತ್ತಿದ್ದೆ. ಆ ಕೋಪ ಮಗಳ ಹತ್ತಿರ ಬಂದು ನಿಂತುಹೋಯಿತು. ಇವರಿಗೂ ಬುಟ್ಟಿಯ ಅಂಚಿನಲ್ಲಿ ಆದದ್ದು ಇದೇ ಇರಬೇಕು ಎಂದು ಆಗ ಹೊಳೆಯಿತು.

“ಅಪ್ಪಾ, ಕೈ ಬಿಡು,” ಎಂದಳು ಮಗಳು.

ಇವರು ನನ್ನನ್ನು ನೋಡಿದರು. ಒಂದು ವರ್ಷದ ಮೇಲೆ ನೆಟ್ಟಗೆ ನೋಡಿದರು. “ಕರ್ಕೊಂಡು ಹೋಗ್ತೀಯಾ?”

“ಕಳಿಸಿ,” ಅಂದೆ.

ಮಗಳ ಮಣಿಕಟ್ಟಿನಿಂದ ತಮ್ಮ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಬಿಡಿಸಿಕೊಂಡರು. ಅವಳು ಹತ್ತಿ ಬಂದು ನನಗೆ ಅಂಟಿಕೊಂಡು ನಿಂತಳು. ಅತ್ತೆ ನನ್ನನ್ನೊಮ್ಮೆ, ಮಗನನ್ನೊಮ್ಮೆ ನೋಡಿ, “ಇವನ ಜೊತೆಗೂ ಯಾರಾದ್ರೂ ಇರ್ಬೇಕಲ್ಲ, ನೀವು ಹೋಗ್ಬನ್ನಿ,” ಅಂದರು. ಡ್ರೈವರ್ ಕೈ ಬಿಟ್ಟ. ನೆಲ ಜಾರಿಹೋದದ್ದು ನನಗೆ ಗೊತ್ತೇ ಆಗಲಿಲ್ಲ.

“ಅಮ್ಮಾ, ನಮ್ಮ ಶಾಲೆ ನೋಡು. ಅಮ್ಮಾ, ಹೊಳೆ. ಅಲ್ಲಿ ನೋಡು, ನಮ್ಮ ನೀರಿನ ಟ್ಯಾಂಕು.” ಮಗಳು ಒಂದೇ ಸಮನೆ ಹೇಳುತ್ತಿದ್ದಳು. ನಾನು ಹೂಂ ಹೂಂ ಅನ್ನುತ್ತಿದ್ದೆ. ಒಂದು ಕೈಯಲ್ಲಿ ಅವಳ ಸ್ವೆಟರನ್ನು ಹಿಡಿದು, ಕತ್ತೆತ್ತಿ ಮೇಲೆ ನೋಡುತ್ತಾ ನಿಂತಿದ್ದೆ. ಬೆಂಕಿ ಏರಿದಾಗಲೆಲ್ಲ ಬಟ್ಟೆ ಬಿಗಿಯುತ್ತಿತ್ತು. ಹೊಲಿಗೆಗಳು ಒಂದರ ಪಕ್ಕ ಒಂದು ನೆಟ್ಟಗೆ ನೆತ್ತಿಯವರೆಗೂ ಹೋಗಿದ್ದವು. ಒಂದನ್ನು ನೋಡಿ ಮುಗಿಸಿ ಮುಂದಿನದಕ್ಕೆ ಹೋಗುವಷ್ಟರಲ್ಲಿ ಹಿಂದಿನದು ಹೇಗಿದೆಯೋ ಎಂದು ಮತ್ತೆ ಅದಕ್ಕೇ ಬರುತ್ತಿದ್ದೆ.

“ಕೆಳಗೂ ಸ್ವಲ್ಪ ನೋಡಿ,” ಎಂದರು ಕ್ಯಾಪ್ಟನ್.

“ಆಮೇಲೆ ನೋಡ್ತೀನಿ,” ಅಂದೆ. ಆ ಆಮೇಲೆ ಬರಲೇ ಇಲ್ಲ. ಬುಟ್ಟಿ ಕೊಯ್ಲಾದ ಹೊಲದಲ್ಲಿ ದಡಕ್ಕೆಂದು ಕೂತಾಗಲೇ ನಾನು ಕತ್ತು ಇಳಿಸಿದ್ದು.

ಇಳಿದ ಮೇಲೆ ಕ್ಯಾಪ್ಟನ್ ಸಿಲಿಂಡರು ಬಂದ್ ಮಾಡುತ್ತಾ, ನನ್ನ ಕಡೆ ತಿರುಗದೆಯೇ ಹೇಳಿದರು. “ಒಂದು ವರ್ಷ ನನ್ನಿಂದ ಮುಚ್ಚಿಟ್ರಿ. ಅದು ಸರಿಯಲ್ಲ.” ನಾನು ಹೌದೆಂದೆ. “ನಾಳೆಯಿಂದ ಬಾಗಿಲು ತೆಗೆದಿಟ್ಟು ಹೊಲೀರಿ. ಎಳೆಯೋಕೆ ಮಾಸ್ಟರೇ ಇರ್ಲಿ.” ಇಂಥ ಮಾತನ್ನು ಕೇಳಿದರೆ ಕುಣಿಯುವಷ್ಟು ಸಂತೋಷವಾಗುತ್ತದೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೆ. ಆಗ ಎಲ್ಲಾದರೂ ಒಂದಿಷ್ಟು ಕೂರೋಣ ಅನ್ನಿಸಿತು. ಅಲ್ಲೇ ಹೊಲದ ಬದುವಿನ ಮೇಲೆ ಕೂತೆ.

ವ್ಯಾನು ಬಂತು. ಮೊದಲು ಅತ್ತೆಯ ಮಾತು ಇಳಿಯಿತು, ಆಮೇಲೆ ಅತ್ತೆ. “ಇವನು ದಾರಿಯುದ್ದಕ್ಕೂ ತಲೆ ಎತ್ತಲಿಲ್ಲ ಕಣೇ. ನಾನೇ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಬಲೂನು ನೋಡ್ತಾ ಎಡಕ್ಕೆ, ಬಲಕ್ಕೆ ಅಂತ ಹೇಳ್ಕೊಂಡು ಬಂದೆ. ಕತ್ತು ಉಳುಕಿದೆ. ನಿನಗೆ ಇಷ್ಟೆಲ್ಲ ಬರುತ್ತೆ, ಇದನ್ನೂ ನೀವಿ ಸರಿಮಾಡು.” ನನ್ನ ಹೊಲಿಗೆಗೆ ಅವರಿಂದ ಬಂದ ಹೊಗಳಿಕೆ ಅಷ್ಟೇ. ಅವರ ಮಟ್ಟಿಗೆ ಅದು ದೊಡ್ಡದು.

ಇವರು ಮಗಳ ತಲೆಯಿಂದ ಕಾಲಿನವರೆಗೆ ಕೈ ಆಡಿಸಿ ನೋಡಿದರು. ಆಮೇಲೆ ನನ್ನ ಪಕ್ಕ ಬಂದು ಕೂತರು. ಬಲಗೈಯನ್ನು ಮುಚ್ಚಿಡಲಿಲ್ಲ.

“ಮೇಲಿಂದ ಏನೇನು ಕಾಣಿಸ್ತು?”

“ಹೊಲಿಗೆ.”

“ಬೇರೆ?”

“ಬೇರೆ ಏನೂ ಇಲ್ಲ.”

ಇವರು ತಲೆಯಾಡಿಸಿದರು. “ನಾನೂ ಇಷ್ಟು ಸಲ ಹೋಗಿದ್ದೀನಿ. ಹೊಳೆ ಎಲ್ಲಿ ಕಾಣುತ್ತೆ ಅಂತ ಯಾರಾದ್ರೂ ಕೇಳಿದ್ರೆ ನನಗೆ ಗೊತ್ತಿಲ್ಲ,” ಅಂದರು.

ವಾಪಸು ಬರುವಾಗ ಇವರು ವ್ಯಾನಿನಲ್ಲಿ ಕೂತ ಕೂಡಲೇ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದರು. ಎಂಥ ಗುಂಡಿಯಲ್ಲಿ ಗಾಡಿ ಎದ್ದು ಬಿದ್ದರೂ ಎಚ್ಚರವಾಗಲಿಲ್ಲ. ಅಂಥ ನಿದ್ದೆಯನ್ನು ಆ ಮನುಷ್ಯ ಮಾಡಿದ್ದನ್ನು ನಾನು ಮದುವೆಯಾದಾಗಿನಿಂದ ನೋಡಿರಲಿಲ್ಲ. ನನಗೂ ಕಣ್ಣು ಎಳೆಯುತ್ತಿತ್ತು. ಮುಚ್ಚಿದರೆ ನೆತ್ತಿಯ ಹತ್ತಿರ ದಾರ ಬದಲಾಯಿಸಿದ ಜಾಗ ಕಾಣುತ್ತಿತ್ತು, ಮತ್ತೆ ತೆರೆಯುತ್ತಿದ್ದೆ. ಹಾಸಿಗೆಯಲ್ಲಿ ಹೊರಳಾಡಿ ನನ್ನ ನಿದ್ದೆ ಕೆಡಿಸುತ್ತೀರಿ ಎಂದು ಇಷ್ಟು ವರ್ಷ ಇವರನ್ನು ಬೈದಿದ್ದೆ. ಮನೆ ಬಂದ ಮೇಲೂ ಎಬ್ಬಿಸಲಿಲ್ಲ. ಅತ್ತೆಯನ್ನೂ ಮಗಳನ್ನೂ ಇಳಿಸಿ, ಡ್ರೈವರನಿಗೆ ಸ್ವಲ್ಪ ಹೊತ್ತು ಇರಪ್ಪ ಎಂದು ಹೇಳಿ, ಹಾಗೇ ಕೂತಿದ್ದೆ.