ಅಧ್ಯಕ್ಷರ ಮನೆಯ ಸೊಸೆಯಂದಿರು

ಬಂದವರಿಬ್ಬರೂ ತೀರಿಕೊಂಡ ಮುದುಕಿಯ ಭಾವಚಿತ್ರಕ್ಕೆ ಎರಡು ಸಲ ಅಡ್ಡಬಿದ್ದು, ಪಕ್ಕಕ್ಕೆ ತಿರುಗಿ ಅಲ್ಲಿ ಕರಿಯುಡುಪಿನಲ್ಲಿ ಕೂತಿದ್ದ ಉನ್‌ಸಿಲ್‌ಗೂ ಒಂದು ಸಲ ಅಡ್ಡಬಿದ್ದರು. ಪದ್ಧತಿಯಂತೆ ಅವಳೂ ಹಣೆಯನ್ನು ನೆಲಕ್ಕೆ ಹಚ್ಚಿದಳು. ಹಚ್ಚಿದವಳು ಏಳಲಿಲ್ಲ. ಅಲ್ಲೇ ನಿದ್ದೆಹೋಗಿದ್ದಳು.

"ಸೊಸೆ ಅಂದ್ರೆ ಇವಳು ನೋಡು," ಎಂದ ಒಬ್ಬ. "ದುಃಖಕ್ಕೆ ತಲೆ ಎತ್ತೋಕೇ ಆಗ್ತಿಲ್ಲ."

"ನಮ್ಮನೇಲೂ ಒಬ್ಬಳಿದಾಳೆ. ನಾನು ಸತ್ರೆ ಮೊದ್ಲು ಹೋಗಿ ಕೂದಲು ಸೆಟ್ ಮಾಡಿಸ್ಕೊಂಡು ಬರ್ತಾಳೆ."

ಅವಳು ಸೊಸೆಯಲ್ಲ, ಆರನೇ ಮಹಡಿಯ ಜ್ವರದ ವಾರ್ಡಿನ ನರ್ಸು. ಆ ವಸಂತದಲ್ಲಿ ದೇಗು ಪಟ್ಟಣಕ್ಕೆ ಬಂದ ರೋಗ ಎಂಥದೆಂದರೆ, ಬಾಡಿಗೆ ಮನೆಯವರು ನರ್ಸುಗಳನ್ನು ಕಂಡರೆ ಹುಲಿ ಕಂಡಂತೆ ಬಾಗಿಲು ಹಾಕುತ್ತಿದ್ದರು. ಆಸ್ಪತ್ರೆ ಅವರನ್ನು ಸತ್ತವರಿಗೆ ಜನ ಕೊನೆಯ ನಮಸ್ಕಾರ ಮಾಡಿಹೋಗುವ ತನ್ನ ನೆಲಮಾಳಿಗೆಯ ಶೋಕಗೃಹದಲ್ಲೇ ಮಲಗಿಸಿತು. ರೋಗದಿಂದ ಸತ್ತವರು ನೇರ ಸುಡುಗಾಡಿಗೆ ಹೋಗುತ್ತಿದ್ದುದರಿಂದ ಅದು ಖಾಲಿ ಬಿದ್ದಿತ್ತು. ಸಮವಸ್ತ್ರಗಳೆಲ್ಲ ಕುದಿಯುವ ನೀರಿನಲ್ಲಿದ್ದಾಗ ನರ್ಸುಗಳು ಅಲ್ಲಿನ ಕಪಾಟಿನಿಂದ ಬಾಡಿಗೆಯ ಕರಿ ಶೋಕದುಡುಪು ತೆಗೆದು ಉಟ್ಟು ಮಲಗುತ್ತಿದ್ದರು.

ಮಲಗುತ್ತಿದ್ದರು ಎಂಬುದು ಹೇಳುವ ಮಾತಷ್ಟೇ. ಉನ್‌ಸಿಲ್‌ಳ ಕಣ್ಣ ಕೆಳಗಿನ ಕಪ್ಪನ್ನು ಕೆರೆದು ತೆಗೆದಿದ್ದರೆ ಇಡೀ ಬೀದಿಗೆ ಒಂದು ವರ್ಷದ ಸೋಯಾ ಸಾಸ್ ಆಗುತ್ತಿತ್ತು. ಮಲಗಿದರೆ ಯಂತ್ರಗಳ ಕೂಗು ಕಿವಿಯಲ್ಲಿ; ನಿಂತರೆ ಕಣ್ಣು ಮುಚ್ಚಿಹೋಗುತ್ತಿತ್ತು. ಹಿಂದಿನ ವಾರ ಒಬ್ಬರ ಔಷಧಿಯನ್ನು ಇನ್ನೊಬ್ಬರಿಗೆ ಏರಿಸಲು ಹೊರಟಿದ್ದಳು. ಜೊತೆಯ ನರ್ಸು ಕೀಜು ತಡೆಯದಿದ್ದರೆ ಹೆಣ ಬೀಳುತ್ತಿತ್ತು. ಅಂದಿನಿಂದ ಎರಡು ದಿನದ ರಜೆ ಕೇಳಲು ಮ್ಯಾನೇಜರ್ ಪ್ಯೋನ ಬಾಗಿಲು ಕಾದಳು. "ದೇಶ ಯುದ್ಧದಲ್ಲಿದೆ, ನಿಂಗೆ ದಿಂಬು ಬೇಕಾ?" ಎಂದು ಅವನು 'ವೀರರಿಗೆ ವಂದನೆ' ಎಂಬ ಬಿಲ್ಲೆಯೊಂದನ್ನು ಅವಳ ಎದೆಗೆ ಚುಚ್ಚಿ ಕಳಿಸಿದ್ದ.

ಅಷ್ಟರಲ್ಲಿ ಆಸ್ಪತ್ರೆಯ ಅಧ್ಯಕ್ಷರ ತಾಯಿ ಸತ್ತಳು. ರೋಗದಿಂದಲ್ಲ, ಮುಪ್ಪಿನಿಂದ, ತನ್ನದೇ ಹಾಸಿಗೆಯಲ್ಲಿ. ಸೊಸೆಯಂದಿರು ಇದ್ದದ್ದು ಕೆನಡಾದಲ್ಲಿ, ವಿಮಾನಗಳಿಲ್ಲ. ಊರಿಗೆಲ್ಲ ಗುಂಪು ಸೇರಬೇಡಿ ಎಂದು ಬುದ್ಧಿ ಹೇಳಿದ ದೊಡ್ಡವರೆಲ್ಲ ಶೋಕಗೃಹಕ್ಕೆ ಸಾಲುಗಟ್ಟಿ ಬಂದರು. ಒಳಗೆ ನರ್ಸುಗಳು ಮಲಗಿದ್ದಾರೆಂಬುದು ಯಾರಿಗೂ ನೆನಪಾಗಲಿಲ್ಲ. ಗದ್ದಲಕ್ಕೆ ಎದ್ದು ಬಂದ ಉನ್‌ಸಿಲ್‌ಳ ಕರಿಯುಡುಪನ್ನೂ ಮಾಸ್ಕನ್ನೂ ನೋಡಿ ಇವಳೇ ಸೊಸೆ ಎಂದುಕೊಂಡರು.

ಪ್ಯೋ ಓಡಿಬಂದು ಅವಳ ಭುಜ ತಟ್ಟಿದ. "ಏಳಮ್ಮಾ. ಅಲ್ಲ, ಏಳ್ಬೇಡ! ಹಂಗೇ ಇರು. ಅಧ್ಯಕ್ಷರಿಗೆ ಬಹಳ ಹಿಡಿಸಿದೆ. ನಾಡಿದ್ದು ಮಣ್ಣು ಮಾಡೋವರ್ಗೂ ನೀನೇ ಸೊಸೆ. ವಾರ್ಡಿಗೆ ರಜೆ."

"ಯುದ್ಧ ಅಂದ್ರಲ್ಲ?"

"ಯುದ್ಧ ಮೇಲೆ. ಇದು ನೆಲಮಾಳಿಗೆ."

ಅಂದು ಬೆಳಗ್ಗೆ ಉನ್‌ಸಿಲ್ ಪರ್ಸಿಮನ್ ಹಣ್ಣು ಮಾರುವ ಒಬ್ಬ ಮುದುಕನ ಹೆಣವನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆದಿದ್ದಳು. ಅವನ ಮಗಳನ್ನು ಒಳಗೆ ಬಿಟ್ಟಿರಲಿಲ್ಲ. ಕಾರು ನಿಲ್ಲಿಸುವ ಜಾಗದಲ್ಲಿ, ಆರನೇ ಮಹಡಿಯ ಯಾವುದೋ ಕಿಟಕಿಯ ಕಡೆಗೆ, ಡಾಂಬರಿನ ಮೇಲೆ ಆ ಮಗಳು ಅಡ್ಡಬಿದ್ದಿದ್ದಳು. ಕಿಟಕಿಯೂ ತಪ್ಪಾಗಿತ್ತು.

"ಇಷ್ಟು ದೊಡ್ಡ ಮನೆಗೆ ಒಬ್ಬಳೇ ಸೊಸೆಯಾ? ಜನ ಆಡ್ಕೊಳ್ತಾರೆ ಸಾರ್," ಎಂದಳು. "ಒಳಗೆ ಇನ್ನೂ ಮೂರು ಜನ ಇದಾರೆ. ನಾಲ್ಕೂ ಜನಕ್ಕೆ ರಜೆ. ಇಲ್ಲಾಂದ್ರೆ ಈಗ್ಲೇ ಮಾಸ್ಕ್ ತೆಗೆದು ನಾನು ಯಾರು ಅಂತ ಹೇಳ್ತೀನಿ."

"ವಾರ್ಡಿಗೆ ಯಾರು? ನಮ್ಮಪ್ಪನಾ?"

"ದೊಡ್ಡವರ ಮಹಡೀಲಿ ಎಂಟು ಜನ ನರ್ಸುಗಳು ಸೇಬು ಸುಲೀತಾ ಕೂತಿದಾರಲ್ಲ. ಅವರನ್ನ ವಾರ್ಡಿಗೆ ಹತ್ತಿಸಿ."

ಬಾಗಿಲಲ್ಲಿ ಮತ್ತೆ ಬೂಟು ಬಿಚ್ಚುವ ಸದ್ದಾಯಿತು. ಪ್ಯೋ ಹಲ್ಲು ಕಡಿದು ತಲೆಯಾಡಿಸಿದ.

ಕೀಜು ಕಣ್ಣುಜ್ಜುತ್ತ ಬಂದಳು. "ಅಕ್ಕಾ, ಯಾರು ಸತ್ತಿದ್ದು?"

"ನಮ್ಮತ್ತೆ. ಸುಮ್ನೆ ಬಿದ್ಕೋ."

ನಾಲ್ವರೂ ಸಾಲಾಗಿ ಹಣೆ ಹಚ್ಚಿದರು. ಮೂವರು ನೆಲ ಮುಟ್ಟುವ ಮೊದಲೇ ನಿದ್ದೆಯಲ್ಲಿದ್ದರು. ಕೀಜುಳ ಗೊರಕೆಯನ್ನು ಬಿಕ್ಕುವ ಸದ್ದೆಂದು ತಿಳಿದು ಒಬ್ಬ ದೊಡ್ಡ ಮನುಷ್ಯ ಕಣ್ಣೊರೆಸಿಕೊಂಡ.

ಉನ್‌ಸಿಲ್ ಕಣ್ಣು ಮುಚ್ಚಿದಳು. ಅದು ತೆರೆದುಕೊಂಡಿತು. ಮತ್ತೆ ಮುಚ್ಚಿದಳು. ಸೇವಂತಿಗೆಯ ವಾಸನೆಯ ಕೆಳಗೆ ಬೆವರಿನ ಕಾಲುಚೀಲಗಳ ವಾಸನೆ ಇತ್ತು. ಅವಳ ಮೂಗಿನ ಬಳಿಯೇ ಒಂದು ಕರಿ ಕಾಲುಚೀಲ ಬಂದು ನಿಂತಿತು, ಹೆಬ್ಬೆರಳಿಗೆ ಬಂದವರಿಗೆ ಬಡಿಸಿದ ಸಾರು-ಅನ್ನದ ಅಗುಳೊಂದು ಅಂಟಿತ್ತು. ಕಾಲು ಸರಿಯಿತು. ಅಗುಳು ನೆಲದಲ್ಲಿ ಉಳಿಯಿತು, ಬಿಳಿಯಾಗಿ, ಚಪ್ಪಟೆಯಾಗಿ. ಅವಳು ಹಣೆ ಎತ್ತದೆ ಅದನ್ನೇ ನೋಡುತ್ತಿದ್ದಳು.