ಬಲಗಡೆಯ ಖಾಲಿ ಜಾಗ

ಮೂವತ್ತು ವರ್ಷ ಕಸೂತಿ ಅಂಗಡಿಯಲ್ಲಿ ಕೂತು, ಕಂಡಕಂಡವರ ಹೆಸರಿನ ಮೊದಲಕ್ಷರವನ್ನು ಬಟ್ಟೆಯ ಮೇಲೆ ಮೂಡಿಸಿದ ಕೈ ಅವಳದು. ಟವೆಲ್ಲು, ದಿಂಬಿನ ಕವರು, ಮದುವೆಗೆ ಕೊಡುವ ಕರ್ಚೀಫು, ಯಾವುದನ್ನು ತಿರುಗಿಸಿ ನೋಡಿದರೂ ಹಿಂದುಗಡೆ ಒಂದು ಗಂಟು ಕಾಣದು. ಅದಕ್ಕೇ ಅಂಗಡಿಯವರು 'ಗಂಟಿಲ್ಲದಮ್ಮ' ಎಂದೇ ಕರೆಯುತ್ತಿದ್ದರು. ಬಟ್ಟೆಯಲ್ಲಿ ಇರಲಿಲ್ಲ ನಿಜ, ಮನಸ್ಸಿನಲ್ಲಿ ಒಂದಿತ್ತು.

ಆ ಅಂಗಡಿಯಲ್ಲೊಂದು ಪದ್ಧತಿ. ಹೆಣ್ಣುಮಗಳಿಗೆಂದು ಮೊದಲೇ ಮಾಡಿಡುವ ದಿಂಬಿನ ಕವರಿನಲ್ಲಿ ಅವಳ ಅಕ್ಷರ ಎಡಕ್ಕೆ, ಬಲಗಡೆ ಖಾಲಿ. ಗಂಡು ಗೊತ್ತಾದ ಮೇಲೆ ಅವನ ಅಕ್ಷರ ಅಲ್ಲಿಗೆ. ತನ್ನ ಮಗಳಿಗೆ ಹದಿನೆಂಟು ತುಂಬಿದಾಗ ಗಂಟಿಲ್ಲದಮ್ಮ ಹಾಗೇ ಆರು ಕವರು ಮಾಡಿದಳು. ಮಗಳು ಮದುವೆ ಬೇಡವೆಂದಳು, ಹೇಳಿದಂತೆಯೇ ಉಳಿದಳು. ಈಗ ಅವಳಿಗೆ ನಲವತ್ನಾಲ್ಕು. ಕವರುಗಳು ಒಗೆದು ಒಗೆದು ಮೆತ್ತಗಾದವು, ಬಲಗಡೆ ಹಾಗೇ ಉಳಿಯಿತು. ಅದನ್ನು ಕಂಡಾಗಲೆಲ್ಲ ತಾಯಿ ಮುಖ ತಿರುಗಿಸುತ್ತಿದ್ದಳು. ಮಗಳಿಗೆ ಎಷ್ಟು ನೋವಾಗುತ್ತಿದೆಯೋ ಎಂದು ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಮಗಳು ತನ್ನ ಸಂಬಳದಲ್ಲೇ ಎರಡು ಕೋಣೆಯ ಮನೆ ಕೊಂಡಳು. ಭಾನುವಾರ ಸಾಮಾನು ಸಾಗಿಸುವುದೆಂದಾಯಿತು. ಪೆಟ್ಟಿಗೆ ತುಂಬಲು ಬಂದಿದ್ದ ಗಂಟಿಲ್ಲದಮ್ಮನ ನಾದಿನಿ ಒಂದು ಕವರು ಎತ್ತಿ ಹಿಡಿದಳು.

"ಅಯ್ಯೋ ಅತ್ತಿಗೆ, ಇದ್ರಲ್ಲಿ ಇನ್ನೂ ಅರ್ಧ ಬಾಕಿ ಇದೆಯಲ್ಲ!"

ಎಲುಬಿಲ್ಲದ ನಾಲಿಗೆ, ಏನು ಬೇಕಾದರೂ ಆಡುತ್ತದೆ. ಆದರೆ ಗಂಟಿಲ್ಲದಮ್ಮನಿಗೆ ಆ ರಾತ್ರಿ ಊಟ ಸೇರಲಿಲ್ಲ. ನಾದಿನಿಯೇ ಹೀಗಂದರೆ ಹೊಸ ಮನೆಗೆ ಬರುವವರ ಬಾಯಿಗೆ ಬೀಗ ಹಾಕುವವರು ಯಾರು?

ಮರುದಿನ ಕನ್ನಡಕ ಏರಿಸಿ, ಸಣ್ಣ ಕತ್ತರಿ ಹಿಡಿದು ಕೂತಳು. ಅಕ್ಷರ ಬಿಚ್ಚಿ ನಡುಮಧ್ಯಕ್ಕೆ ಹಾಕುವ ಯೋಚನೆ. ಮೊದಲ ಕವರಿನ ದಾರವೆಲ್ಲ ಬಂತು, ಆದರೆ ಸೂಜಿಯ ತೂತುಗಳು ಎಲ್ಲಿ ಹೋದಾವು? ದಾರ ಮುಚ್ಚಿದ್ದ ಬಟ್ಟೆ ಬಣ್ಣ ಮಾಸದೆ ಉಳಿದಿತ್ತು. ಅಕ್ಷರ ಕಿತ್ತರೂ ಅಕ್ಷರವೇ ಕಾಣುತ್ತಿತ್ತು. ಕೆಟ್ಟಿತಲ್ಲ ಎಂದು ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಮಗಳು ಆಫೀಸಿನಿಂದ ಬಂದಳು.

"ಅಮ್ಮಾ! ಯಾಕೆ ಕಿತ್ತೆ ಇದನ್ನ?"

"ಮಧ್ಯಕ್ಕೆ ಹಾಕೋಣ ಅಂತ ಕಣೇ. ಗಂಡನ ಅಕ್ಷರಕ್ಕೆ ಅಂತ ಬಿಟ್ಟ ಜಾಗ ಅದು. ಇಪ್ಪತ್ತಾರು ವರ್ಷ ನಿನ್ನ ತಲೆ ಕೆಳಗೇ ಇಟ್ಟೆನಲ್ಲ. ನನ್ನದೇ ತಪ್ಪು."

ಮಗಳು ಚೀಲ ಕೆಳಗಿಡುವುದನ್ನೂ ಮರೆತು ನಿಂತಳು.

"ಗಂಡನಿಗಾ? ನನ್ನ ಕೆನ್ನೆಗೆ ಅಂತ ಬಿಟ್ಟಿದ್ದೀಯ ಅಂದ್ಕೊಂಡಿದ್ದೆ! ಅಕ್ಷರದ ಕಡೆ ಮಲಗಿದ್ರೆ ಬೆಳಿಗ್ಗೆ ಮುಖದ ಮೇಲೆ ಅಚ್ಚು ಬಿದ್ದಿರುತ್ತೆ, ಆಫೀಸಲ್ಲೆಲ್ಲ ನಗ್ತಾರೆ. ಅದಕ್ಕೇ ದಿನಾ ಬಲಗಡೆ ಮಲಗ್ತೀನಿ. ನಮ್ಮಮ್ಮನಿಗೆ ಎಷ್ಟು ಯೋಚನೆ ಅಂತ ಎಲ್ರ ಹತ್ರ ಹೇಳ್ಕೊಂಡು ಬಂದಿದ್ದೀನಿ."

ಮಗಳು ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿ ಕೊಟ್ಟಳು.

"ಅದೇ ತೂತಲ್ಲೇ ವಾಪಸ್ ಹಾಕು. ಬಲಗಡೆ ಮುಟ್ಟಿದ್ರೆ ನೋಡು!"

ಗಂಟಿಲ್ಲದಮ್ಮ ಸೂಜಿಯನ್ನು ಪಕ್ಕಕ್ಕಿಟ್ಟಳು. ಮಂಚದ ಮೇಲಿದ್ದ ಮಗಳ ದಿಂಬನ್ನು ಎಳೆದುಕೊಂಡು, ಕನ್ನಡಕ ತೆಗೆದು, ಬಲಗಡೆಗೆ ಕೆನ್ನೆಯಿಟ್ಟು ಮಲಗಿದಳು.

"ನುಣ್ಣಗಿದೆ ಕಣೇ," ಎಂದಳು.